ಓಡುತ್ತಿರುವ ಸೈಟ್ ಮುಚ್ಚದೆ ವರ್ಡ್‌ಪ್ರೆಸ್ ಹಾಕಿದ್ದು: ಹಲವು ವರ್ಷ ಬಳಸಿದ ಮೇಲೆ

ಕೋಡ್ ಬರೆಯದೆಯೂ ಸೈಟ್ ನಡೆಸಲು ಬಳಸುವ ಸಾಫ್ಟ್‌ವೇರ್ ವರ್ಡ್‌ಪ್ರೆಸ್. ಅದರ ಬಗ್ಗೆ ನಾನು ಓದಿದ ವಿಮರ್ಶೆಗಳಲ್ಲಿ ಹೆಚ್ಚಿನವು ಹೊಸದಾಗಿ ಸೈಟ್ ಮಾಡುವವರಿಗಾಗಿ ಬರೆದವು. ಡೊಮೇನ್ ತಗೊಳ್ಳಿ, ಬಟನ್ ಒತ್ತಿ, ಥೀಮ್ (ಸೈಟಿನ ವಿನ್ಯಾಸ) ಹಾಕಿ, ಮುಗೀತು. ನನ್ನ ಪಾಲಿಗೆ ಬಂದ ಕೆಲಸ ಬೇರೆ. ಸಂಸ್ಥೆಯೊಂದರ ಸೈಟ್ ಆಗಲೇ ಓಡುತ್ತಿತ್ತು. ಕೈಯಲ್ಲೇ ಬರೆದ ನೂರಾರು ಎಚ್‌ಟಿಎಂಎಲ್ ಪುಟಗಳು, ದಿನವೂ ಬರುವ ಓದುಗರು, ಎಲ್ಲೆಲ್ಲೋ ಹಂಚಿಹೋದ ಲಿಂಕ್‌ಗಳು. ಅದನ್ನು ಮುಚ್ಚದೆ ಅದೇ ವಿಳಾಸಕ್ಕೆ ವರ್ಡ್‌ಪ್ರೆಸ್ ತರಬೇಕಿತ್ತು. ಇವತ್ತಿಗೂ ಆ ಸೈಟನ್ನು ನಾನೇ ನೋಡಿಕೊಳ್ಳುತ್ತಿದ್ದೇನೆ. ಆಮೇಲೆ ಇನ್ನೂ ಕೆಲವನ್ನು ಹೀಗೇ ಬದಲಿಸಿಕೊಟ್ಟಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇನ್‌ಸ್ಟಾಲ್ ಮಾಡೋಕೆ ಇಷ್ಟು ಸುಲಭದ ಸಾಫ್ಟ್‌ವೇರ್ ಕಡಿಮೆ. ಆದರೆ ತಾನು ಕೂರುವ ಜಾಗದಲ್ಲಿ ಮೊದಲೇ ಒಂದು ಸೈಟ್ ಇದೆ ಅನ್ನೋದು ಇದಕ್ಕೆ ಗೊತ್ತೇ ಆಗುವುದಿಲ್ಲ. ಆ ತಲೆನೋವು ಪೂರ್ತಿ ನಮ್ಮದು.

2003ರ ಮೇ ತಿಂಗಳಲ್ಲಿ ಮ್ಯಾಟ್ ಮುಲೆನ್‌ವೆಗ್ ಮತ್ತು ಮೈಕ್ ಲಿಟಲ್ ಇದರ ಮೊದಲ ಆವೃತ್ತಿ ಬಿಟ್ಟರು. 'ಐದು ನಿಮಿಷದ ಇನ್‌ಸ್ಟಾಲ್' ಎಂಬ ಮಾತು ಇದಕ್ಕೆ ಅಂಟಿಕೊಂಡೇ ಬಂದಿದೆ. ಆ ಮಾತು ಸುಳ್ಳಲ್ಲ. ಖಾಲಿ ಡೇಟಾಬೇಸ್ ಒಂದನ್ನು ಮಾಡಿ, ಫೈಲ್‌ಗಳನ್ನು ಸರ್ವರ್‌ಗೆ ಹಾಕಿ, ಬ್ರೌಸರ್‌ನಲ್ಲಿ ತೆರೆದು ಹೆಸರು, ಪಾಸ್‌ವರ್ಡ್ ಕೊಟ್ಟರೆ ಆಯಿತು. ಇದರ ಬಗ್ಗೆ ಹೆಚ್ಚು ಹೇಳುವಂಥದ್ದೇನೂ ಇಲ್ಲ.

ಎಲ್ಲಿ ಹಾಕಬೇಕು ಅನ್ನೋದೇ ಮುಖ್ಯ. ಹಳೆಯ ಸೈಟ್ ಇರುವ ಮೂಲ ಫೋಲ್ಡರ್‌ಗೇ ಸುರಿದುಬಿಡೋಣ ಅನ್ನಿಸುತ್ತದೆ. ಪುಟಗಳನ್ನು ಓದುಗರಿಗೆ ಕಳಿಸುವ ಅಪಾಚೆ ಎಂಬ ಸರ್ವರ್ ಸಾಮಾನ್ಯವಾಗಿ ಹಳೆಯ ಸೈಟಿನ ಇಂಡೆಕ್ಸ್.ಎಚ್‌ಟಿಎಂಎಲ್ ಫೈಲನ್ನು ಮೊದಲು ಹುಡುಕುತ್ತದೆ, ಆಮೇಲೆ ವರ್ಡ್‌ಪ್ರೆಸ್ಸಿನ ಇಂಡೆಕ್ಸ್.ಪಿಎಚ್‌ಪಿ. ಹಾಗಾಗಿ ಮುಖಪುಟ ತೆರೆದವರಿಗೆ ಹಳೆಯದೇ ಕಾಣುತ್ತದೆ, ಎಲ್ಲ ಸರಿಯಿದೆ ಅಂತ ನಾವು ಅಂದುಕೊಳ್ಳುತ್ತೇವೆ. ಆದರೆ ಪರ್ಮಾಲಿಂಕ್ (ಪುಟಗಳಿಗೆ ಓದಬಲ್ಲ ವಿಳಾಸ ಕೊಡುವ ಸೆಟ್ಟಿಂಗ್) ಆನ್ ಮಾಡಿದ ಕೂಡಲೇ, ಸರ್ವರ್‌ನಲ್ಲಿ ಇಲ್ಲದ ವಿಳಾಸಗಳೆಲ್ಲ ವರ್ಡ್‌ಪ್ರೆಸ್ ಕಡೆ ಹೋಗುತ್ತವೆ. ಯಾರೋ ಒಂದು ಅಕ್ಷರ ತಪ್ಪಾಗಿ ಟೈಪ್ ಮಾಡಿದರೂ ಸಾಕು, ಅರ್ಧ ಕಟ್ಟಿದ ಹೊಸ ಸೈಟ್ ಅವರ ಮುಂದೆ ನಿಂತಿರುತ್ತದೆ.

ಅದಕ್ಕೇ ನಾನು ಒಳಗಿನ ಒಂದು ಫೋಲ್ಡರ್‌ನಲ್ಲಿ ಹಾಕುತ್ತೇನೆ. ಸೆಟ್ಟಿಂಗ್ಸ್‌ನಲ್ಲಿ ಎರಡು ವಿಳಾಸಗಳಿವೆ. ಒಂದು ಸಾಫ್ಟ್‌ವೇರ್ ಇರುವ ಜಾಗ, ಇನ್ನೊಂದು ಓದುಗರು ಬರುವ ಜಾಗ. ಇವನ್ನು ಬೇರೆಬೇರೆಯಾಗಿ ಇಟ್ಟಿರುವುದು ವರ್ಡ್‌ಪ್ರೆಸ್ಸಿನ ತುಂಬಾ ಒಳ್ಳೆಯ ಗುಣ. ಬದಲಿಸುವ ದಿನ ಎರಡನೆಯದನ್ನು ಮಾತ್ರ ಮೂಲ ವಿಳಾಸಕ್ಕೆ ತಿರುಗಿಸಿ, ಇಂಡೆಕ್ಸ್.ಪಿಎಚ್‌ಪಿಯ ಪ್ರತಿಯೊಂದನ್ನು ಮೂಲ ಫೋಲ್ಡರ್‌ಗೆ ತಂದು ಅದರಲ್ಲಿ ಒಂದೇ ಒಂದು ಸಾಲು ತಿದ್ದಿ, ಪರ್ಮಾಲಿಂಕ್ ಇನ್ನೊಮ್ಮೆ ಸೇವ್ ಮಾಡಿ, ಹಳೆಯ ಇಂಡೆಕ್ಸ್ ಫೈಲಿಗೆ ಬೇರೆ ಹೆಸರು ಕೊಟ್ಟರೆ ಸೈಟ್ ಬದಲಾಯಿತು. ಏನಾದರೂ ಎಡವಟ್ಟಾದರೆ ಹಿಂದಕ್ಕೆ ಹೋಗುವುದೂ ಇಷ್ಟೇ ಸಲೀಸು. ಚಿತ್ರಗಳ ವಿಳಾಸ ಬದಲಾಗುವುದಿಲ್ಲ, ಯಾಕಂದರೆ ಅವು ಒಳಗಿನ ಫೋಲ್ಡರ್‌ನಲ್ಲೇ ಉಳಿಯುತ್ತವೆ. ಪುಟಗಳ ನಡುವಿನ ಲಿಂಕ್‌ಗಳನ್ನು ಮಾತ್ರ ತಿದ್ದಬೇಕು.

ವರ್ಡ್‌ಪ್ರೆಸ್ ಜೊತೆ ನನಗಿರುವ ದೊಡ್ಡ ಜಗಳ ಈ ತಿದ್ದುವ ಕೆಲಸದಲ್ಲೇ. ಸೈಟಿನ ಪೂರ್ತಿ ವಿಳಾಸವನ್ನು ಇದು ಡೇಟಾಬೇಸ್ ತುಂಬ ಬರೆದಿಟ್ಟುಕೊಳ್ಳುತ್ತದೆ. ಸುಮ್ನೆ ಹುಡುಕಿ ಬದಲಿಸೋಣ ಅಂದರೆ ಆಗುವುದಿಲ್ಲ. ಥೀಮ್ ಮತ್ತು ಪ್ಲಗಿನ್‌ಗಳ (ಹೆಚ್ಚುವರಿ ಸೌಲಭ್ಯ ಕೊಡುವ ತುಣುಕುಗಳ) ಎಷ್ಟೋ ಸೆಟ್ಟಿಂಗ್‌ಗಳು ಪಿಎಚ್‌ಪಿ ಭಾಷೆಯ ಸೀರಿಯಲೈಸ್ ರೂಪದಲ್ಲಿ, ಅಂದರೆ ಹಲವು ಮಾಹಿತಿಯನ್ನು ಒಂದೇ ಪಠ್ಯವಾಗಿ ಹೆಣೆದು, ಇರುತ್ತವೆ. ಅಲ್ಲಿ ಪ್ರತಿ ಪಠ್ಯದ ಪಕ್ಕದಲ್ಲಿ ಅದರ ಉದ್ದವನ್ನೂ ಬರೆದಿರುತ್ತಾರೆ. ವಿಳಾಸ ಚಿಕ್ಕದಾಗಿ, ಆ ಸಂಖ್ಯೆ ಹಳೆಯದೇ ಉಳಿದರೆ ಇಡೀ ಸೆಟ್ಟಿಂಗ್ ಕೆಟ್ಟುಹೋಗುತ್ತದೆ. ಎರರ್ ಕೂಡ ಬರುವುದಿಲ್ಲ, ವಿಜೆಟ್‌ಗಳು (ಪುಟದ ಅಂಚಿನ ಪಟ್ಟಿಗಳಂಥವು) ಸದ್ದಿಲ್ಲದೆ ಮಾಯವಾಗಿರುತ್ತವೆ! ಡಬ್ಲ್ಯುಪಿ-ಸಿಎಲ್‌ಐ ಎಂಬ ಕಮಾಂಡ್ ಲೈನ್ ಉಪಕರಣದ ಸರ್ಚ್-ರೀಪ್ಲೇಸ್ ಈ ಉದ್ದವನ್ನೂ ಸರಿಮಾಡುತ್ತದೆ. ಅದರಲ್ಲಿ ಡ್ರೈ-ರನ್ ಇದೆ, ಎಷ್ಟು ಕಡೆ ಬದಲಾಗುತ್ತದೆ ಅಂತ ಮೊದಲೇ ತೋರಿಸುತ್ತದೆ. ಜಿಯುಐಡಿ ಎಂಬ ಕಾಲಂ ಮುಟ್ಟಬಾರದು, ಫೀಡ್ (ಸೈಟಿನ ಹೊಸ ಬರಹಗಳ ಪಟ್ಟಿ) ಓದುವ ಆ್ಯಪ್‌ಗಳು ಅದರಿಂದಲೇ ಬರಹಗಳನ್ನು ಗುರುತಿಸುತ್ತವೆ. ಇಪ್ಪತ್ತು ವರ್ಷ ದಾಟಿದ ಸಾಫ್ಟ್‌ವೇರ್‌ನಲ್ಲಿ ಇಂಥ ಕೆಲಸಕ್ಕೆ ಸೈಟ್ ನಡೆಸುವ ಡ್ಯಾಶ್‌ಬೋರ್ಡ್ ಒಳಗೇ ಒಂದು ಬಟನ್ ಇರಬೇಕಿತ್ತು, ಅಲ್ವಾ?

ಇನ್ನೊಂದು ವಿಷಯ ಗೊತ್ತಿಲ್ಲದೆ ಎಷ್ಟೋ ಜನ ಹೊಸ ಪುಟ ಯಾಕೆ ಕಾಣುತ್ತಿಲ್ಲ ಅಂತ ಥೀಮ್ ಒಳಗೆಲ್ಲ ಹುಡುಕಾಡುತ್ತಾರೆ. ವಿಳಾಸಗಳನ್ನು ತನ್ನ ಕಡೆ ತಿರುಗಿಸಲು ವರ್ಡ್‌ಪ್ರೆಸ್ ಬರೆಯುವ ರೀರೈಟ್ ನಿಯಮದ ಪ್ರಕಾರ, ನಿಜವಾದ ಫೈಲ್ ಅಥವಾ ಫೋಲ್ಡರ್ ಆ ವಿಳಾಸದಲ್ಲಿ ಇದ್ದರೆ ಅದಕ್ಕೇ ಮೊದಲ ಮರ್ಯಾದೆ. ಹಳೆಯ ಸೈಟಿನಲ್ಲಿ 'ಅಬೌಟ್' ಎಂಬ ಫೋಲ್ಡರ್ ಉಳಿದಿದ್ದರೆ, ಅದೇ ವಿಳಾಸದ ನಿಮ್ಮ ಹೊಸ ಪುಟ ಯಾರಿಗೂ ಕಾಣುವುದಿಲ್ಲ. ಫೋಲ್ಡರ್ ಖಾಲಿಯಿದ್ದರೆ 403 (ಪ್ರವೇಶವಿಲ್ಲ) ಎರರ್ ಬಂದರೂ ಬಂತು. ಇದರಿಂದ ಒಂದು ಉಪಕಾರವೂ ಇದೆ. ಹಳೆಯ ಪಿಡಿಎಫ್‌ಗಳನ್ನು ಇದ್ದಲ್ಲೇ ಬಿಟ್ಟರೆ ಅವುಗಳ ಲಿಂಕ್ ಏನೂ ಮಾಡದೆ ಹಾಗೇ ನಡೆಯುತ್ತದೆ.

ಎಚ್‌ಟಿಎಂಎಲ್ ಪುಟಗಳನ್ನು ಹೊಸ ವಿಳಾಸಕ್ಕೆ ಕಳಿಸಲು 301 ರೀಡೈರೆಕ್ಟ್ (ಪುಟ ಕಾಯಂ ಆಗಿ ಬೇರೆಡೆ ಹೋಗಿದೆ ಎಂಬ ಸೂಚನೆ) ಬೇಕೇ ಬೇಕು. ಪರೀಕ್ಷೆ ಮಾಡುವಾಗ ತಾತ್ಕಾಲಿಕದ 302 ಹಾಕಿ. 301 ಅನ್ನು ಬ್ರೌಸರ್ ನೆನಪಿಟ್ಟುಕೊಳ್ಳುತ್ತದೆ, ಆಮೇಲೆ ನೀವು ತಿದ್ದಿದ್ದು ನಿಮಗೇ ಕಾಣಿಸುವುದಿಲ್ಲ. ರೀಡೈರೆಕ್ಟ್ ಸಾಲುಗಳನ್ನು ಸರ್ವರ್‌ಗೆ ನಿಯಮ ಹೇಳುವ ಎಚ್‌ಟಿಆ್ಯಕ್ಸೆಸ್ ಫೈಲಿನಲ್ಲಿ ವರ್ಡ್‌ಪ್ರೆಸ್ಸಿನ ಭಾಗಕ್ಕಿಂತ ಮೇಲೆ ಬರೆಯಿರಿ, ಅದರ ಬಿಗಿನ್, ಎಂಡ್ ಗುರುತುಗಳ ಒಳಗೆ ಬರೆದಿದ್ದನ್ನು ಅದು ಯಾವಾಗ ಬೇಕಾದರೂ ಅಳಿಸಿಹಾಕಬಹುದು.

ಕನ್ನಡದಲ್ಲಿ ಬರೆಯುವವರಿಗೆ ಇಲ್ಲೊಂದು ವಿಶೇಷ ಕಾಟ ಇದೆ. ಶೀರ್ಷಿಕೆಯಿಂದ ವಿಳಾಸ ಮಾಡುವಾಗ ವರ್ಡ್‌ಪ್ರೆಸ್ ಕನ್ನಡ ಅಕ್ಷರಗಳನ್ನು ಶೇಕಡಾ ಚಿಹ್ನೆಯ ಕೋಡ್ ಆಗಿ ಬದಲಿಸುತ್ತದೆ. ಒಂದೊಂದು ಯೂನಿಕೋಡ್ ಅಕ್ಷರಕ್ಕೆ 9 ಸ್ಥಾನ. ಡೇಟಾಬೇಸ್‌ನಲ್ಲಿ ವಿಳಾಸಕ್ಕೆ ಇರುವುದು ಒಟ್ಟು 200. ಅಂದರೆ 22 ಅಕ್ಷರ, ಗುಣಿತದ ಚಿಹ್ನೆ ಮತ್ತು ಒತ್ತಕ್ಷರದ ಒಳಗಿನ ವಿರಾಮ ಚಿಹ್ನೆಯೂ (್) ಅದರಲ್ಲೇ ಲೆಕ್ಕ. ಉದ್ದ ಶೀರ್ಷಿಕೆ ಕೊಟ್ಟರೆ ವಿಳಾಸ ಮಧ್ಯದಲ್ಲೇ ಕತ್ತರಿಸಿಹೋಗುತ್ತದೆ. ನೂರಾರು ಪುಟ ಒಟ್ಟಿಗೆ ತರುವಾಗ ಒಂದೇ ಥರ ಶುರುವಾಗುವ ಶೀರ್ಷಿಕೆಗಳ ವಿಳಾಸದ ಕೊನೆಗೆ 2, 3 ಅಂತ ಸಂಖ್ಯೆ ಬೀಳುತ್ತದೆ, ರೀಡೈರೆಕ್ಟ್ ಪಟ್ಟಿ ಗೋಜಲಾಗುತ್ತದೆ. ವಿಳಾಸವನ್ನು ಚಿಕ್ಕ ಇಂಗ್ಲಿಷ್ ಅಕ್ಷರಗಳಲ್ಲಿ ಮೊದಲೇ ಕೊಟ್ಟುಬಿಡುವುದು ವಾಸಿ.

ಹೋಸ್ಟಿಂಗ್ ಕೂಡ ಬದಲಿಸುವ ಯೋಚನೆ ಇದ್ದರೆ ಎರಡನ್ನೂ ಒಂದೇ ದಿನ ಮಾಡಬೇಡಿ. ಒಂದು ಸೈಟಿಗೆ ನೇಮ್ ಸರ್ವರ್ (ಡೊಮೇನ್ ಎಲ್ಲಿದೆ ಅಂತ ಹೇಳುವ ಸರ್ವರ್) ಬದಲಿಸಿಕೊಟ್ಟ ಹೋಸ್ಟಿಂಗ್‌ನವರು, ಮೇಲ್ ಎಲ್ಲಿಗೆ ಹೋಗಬೇಕು ಅಂತ ಹೇಳುವ ಎಂಎಕ್ಸ್ ದಾಖಲೆಗಳನ್ನು ತರಲೇ ಇಲ್ಲ. ಸೈಟ್ ಚೆನ್ನಾಗಿ ಓಡುತ್ತಿತ್ತು, ಸಂಸ್ಥೆಗೆ ಮೇಲ್ ಬರುವುದು ನಿಂತಿತ್ತು. ಇದರಲ್ಲಿ ವರ್ಡ್‌ಪ್ರೆಸ್ ತಪ್ಪೇನೂ ಇಲ್ಲ, ಆದರೆ ಬೈಸಿಕೊಂಡಿದ್ದು ಮಾತ್ರ ಅದೇ.

ಸೈಟ್ ಕಟ್ಟುವಾಗ ಸರ್ಚ್ ಎಂಜಿನ್‌ಗಳು ಬರದಂತೆ ಒಂದು ಟಿಕ್ ಹಾಕಿರುತ್ತೇವೆ. ಬದಲಿಸಿದ ದಿನ ಅದನ್ನು ತೆಗೆಯಲೇಬೇಕು. ಡ್ಯಾಶ್‌ಬೋರ್ಡ್‌ನಲ್ಲಿ ಈ ಬಗ್ಗೆ ಒಂದು ಸಾಲು ಇದೆ, ಅದೂ ಸಣ್ಣ ಅಕ್ಷರದಲ್ಲಿ. ಇಷ್ಟು ದೊಡ್ಡ ವಿಷಯಕ್ಕೆ ಕೆಂಪು ಪಟ್ಟಿಯೇ ಬೇಕಿತ್ತು.

ವರ್ಷಗಟ್ಟಲೆ ಬಳಸಿದ ಮೇಲೆ ನಂಬಿಕೆ ಹೆಚ್ಚಾಗಿರುವುದು ಅಪ್‌ಡೇಟ್ ವಿಷಯದಲ್ಲಿ. 2013ರ 3.7 ಆವೃತ್ತಿಯಿಂದ ಭದ್ರತೆಯ ಸಣ್ಣ ಅಪ್‌ಡೇಟ್‌ಗಳು ತಾವಾಗಿಯೇ ಬರುತ್ತವೆ, ನನ್ನ ಸೈಟುಗಳಲ್ಲಿ ಅವುಗಳಿಂದ ಏನೂ ಕೆಟ್ಟಿಲ್ಲ. 2019ರ 5.2 ಬಂದ ಮೇಲೆ ಪ್ಲಗಿನ್ ಕೈಕೊಟ್ಟರೆ ರಿಕವರಿ ಮೋಡ್‌ನಲ್ಲಿ ಒಳಗೆ ಹೋಗುವ ಲಿಂಕ್ ಮೇಲ್‌ಗೆ ಬರುತ್ತದೆ. ಮೊದಲೆಲ್ಲ ಬಿಳಿ ಪರದೆ ನೋಡುತ್ತಾ ಕೂರಬೇಕಿತ್ತು. 2018ರ ಕೊನೆಗೆ ಬಂದ ಬ್ಲಾಕ್ ಎಡಿಟರ್ (ಬರಹವನ್ನು ತುಂಡುತುಂಡಾಗಿ ಜೋಡಿಸುವ ಹೊಸ ಬರೆಯುವ ಪುಟ) ನಮ್ಮಲ್ಲಿ ಬರೆಯುವವರಿಗೆ ಒಗ್ಗಲು ಜಾಸ್ತಿ ಕಾಲ ಹಿಡಿಯಿತು. ಈಗ ಹಳೆಯದಕ್ಕೆ ವಾಪಸ್ ಹೋಗೋಣ ಅಂತ ಯಾರೂ ಕೇಳುತ್ತಿಲ್ಲ.

ಹೊತ್ತು ನಿಗದಿ ಮಾಡಿದ ಬರಹಗಳು ಕೆಲವೊಮ್ಮೆ ತಡವಾಗಿ ಬರುತ್ತವೆ. ಇದರ ಕ್ರಾನ್ (ಹೊತ್ತಿಗೆ ಸರಿಯಾಗಿ ಕೆಲಸ ಮಾಡಿಸುವ ವ್ಯವಸ್ಥೆ) ನಿಜವಾದ ಕ್ರಾನ್ ಅಲ್ಲ, ಯಾರಾದರೂ ಸೈಟಿಗೆ ಬಂದಾಗ ಮಾತ್ರ ಎಚ್ಚರವಾಗುತ್ತದೆ. ಸರ್ವರ್‌ನ ಕ್ರಾನ್‌ನಿಂದಲೇ ಅದನ್ನು ಕರೆಯುವಂತೆ ಮಾಡಿದ ಮೇಲೆ ನನಗೆ ಆ ದೂರು ಬಂದಿಲ್ಲ.

ವರ್ಷಕ್ಕೊಮ್ಮೆ ಬದಲಾಗುವ ಹತ್ತು ಪುಟಗಳ ಸೈಟ್ ನಿಮ್ಮದಾದರೆ ಇದಕ್ಕೆ ಕೈಹಾಕಲೇಬೇಡಿ, ಎಚ್‌ಟಿಎಂಎಲ್ ಸಾಕು. ಬರೆಯುವವರು ಹಲವರಿದ್ದು, ಅವರಿಗೆ ಕೋಡ್ ಬಾರದಿದ್ದರೆ ಹಾಕಿ. ಬದಲಾವಣೆಗೆ ಮುಂಚಿನ ಕೆಲವು ದಿನ ಹಳೆಯ ಸೈಟಿಗೆ ಹೊಸದೇನೂ ಸೇರಿಸಬೇಡಿ ಅಂತ ಅವರಿಗೆಲ್ಲ ಹೇಳಿಡಿ. ಬದಲಾದ ಮೇಲೆ ಸರ್ವರ್ ಲಾಗ್‌ನಲ್ಲಿ 404 (ಪುಟ ಸಿಗಲಿಲ್ಲ) ಬಂದ ವಿಳಾಸಗಳನ್ನು ಕೆಲವು ವಾರ ನೋಡುತ್ತಾ ಇರಿ. ರೀಡೈರೆಕ್ಟ್ ಪಟ್ಟಿಯಲ್ಲಿ ಬಿಟ್ಟುಹೋದ ಪುಟಗಳು ಅಲ್ಲೇ ಸಿಗುತ್ತವೆ.