ಸ್ಪ್ಯಾಮ್ ಬರಲ್ಲ ಸರಿ, ಆರ್ಡರೂ ಬರಲ್ಲ!

ನಮ್ಮದು ಗದಗದಲ್ಲಿ ಚಿಕ್ಕ ಪ್ರಿಂಟಿಂಗ್ ಪ್ರೆಸ್. ಪ್ರೆಸ್ಸಿನ ಹೆಸರಲ್ಲೇ ಮೇಲ್ ಐಡಿ ಇರಲಿ ಅಂತ ಎರಡು ವರ್ಷದ ಹಿಂದೆ ಡೊಮೇನ್ (ಇಂಟರ್ನೆಟ್ಟಿನಲ್ಲಿ ನಮ್ಮ ಹೆಸರು) ಕೊಟ್ಟವರ ಹತ್ತಿರವೇ ಮೇಲ್ ಸೇವೆಯನ್ನೂ ದುಡ್ಡು ಕೊಟ್ಟು ತಗೊಂಡೆವು. ಕಂಪನಿ ಹೆಸರು ಬೇಡ ಬಿಡಿ. ಲಾಟರಿ, ಸಾಲದ ಆಫರ್ ಇವುಗಳ ಕಾಟ ನಿಜಕ್ಕೂ ಇಲ್ಲ, ಇನ್‌ಬಾಕ್ಸ್ ಒರೆಸಿಟ್ಟ ಹಾಗಿರುತ್ತದೆ. ಅದಕ್ಕೇ ಖುಷಿಯಾಗಿದ್ದೆ.

ಕಳೆದ ನವೆಂಬರಲ್ಲಿ, ಕ್ಯಾಲೆಂಡರ್ ಸೀಸನ್ ಜೋರಾಗಿದ್ದಾಗ, ಹಳೇ ಗಿರಾಕಿಯೊಬ್ಬರು ಫೋನ್ ಮಾಡಿ "ಏನ್ರೀ, ಮೇಲ್ ಹಾಕಿ ನಾಲ್ಕು ದಿನ ಆತು, ರೇಟ್ ಹೇಳವಲ್ರಿ" ಅಂದರು. ಇನ್‌ಬಾಕ್ಸಲ್ಲಿ ಇಲ್ಲ. ಸ್ಪ್ಯಾಮ್ ಫೋಲ್ಡರಲ್ಲೂ ಇಲ್ಲ. ಸಪೋರ್ಟಿನವರನ್ನು ಕೇಳಿದರೆ, ಆ ಗಿರಾಕಿಯ ಮೇಲ್ ಕಳಿಸುವ ಸರ್ವರಿನ ಐಪಿ, ಅಂದರೆ ಅದರ ಇಂಟರ್ನೆಟ್ ವಿಳಾಸ, ಸ್ಪ್ಯಾಮ್ ಕಳಿಸುವವರ ಬ್ಲಾಕ್‌ಲಿಸ್ಟಿನಲ್ಲಿತ್ತಂತೆ, ಅದಕ್ಕೆ ಮೇಲನ್ನು ಬಾಗಿಲಲ್ಲೇ ಎಸೆದರಂತೆ. ಕಳಿಸಿದವರಿಗೆ 'ಮೇಲ್ ತಲುಪಿಲ್ಲ' ಅನ್ನುವ ಬೌನ್ಸ್ ಕೂಡ ಹೋಗಿಲ್ಲ! ಸೆಟ್ಟಿಂಗ್ಸಲ್ಲಿ ವೈಟ್‌ಲಿಸ್ಟ್ ಅಂತ, ಇವರ ಮೇಲ್ ತಡೆಯಬೇಡಿ ಅನ್ನುವ ಪಟ್ಟಿ ಒಂದಿದೆ, ಅವರ ವಿಳಾಸ ಹಾಕಿದೆ, ಮತ್ತೆ ಅದೇ ಕಥೆ. ಯಾಕಂದರೆ ಆ ಪಟ್ಟಿ ನೋಡುವುದು ಮೇಲ್ ಒಳಗೆ ಬಂದ ಮೇಲೆ, ಇದು ಒಳಗೇ ಬರಲ್ಲ.

ಪಾಪ, ಆ ಗಿರಾಕಿಯದು ಅಗ್ಗದ ಶೇರ್ಡ್ ಹೋಸ್ಟಿಂಗ್. ಒಂದೇ ಐಪಿಯಲ್ಲಿ ಹತ್ತಾರು ಸೈಟು ಇರುತ್ತವೆ, ಯಾವನೋ ಒಬ್ಬ ಸ್ಪ್ಯಾಮ್ ಕಳಿಸಿದರೆ ಎಲ್ಲರ ಮುಖಕ್ಕೂ ಮಸಿ.

ಕಂಪನಿಯವರು ಏನನ್ನೂ ತಡೆಯಬಾರದು ಅಂತ ನಾನು ಹೇಳುತ್ತಿಲ್ಲ. ವೈರಸ್, ಬ್ಯಾಂಕಿನ ಹೆಸರಲ್ಲಿ ಬರುವ ನಕಲಿ ಮೇಲ್, ಇವನ್ನು ನನಗಿಂತ ಅವರೇ ಚೆನ್ನಾಗಿ ಹಿಡಿಯುತ್ತಾರೆ. 2024ರಲ್ಲಿ ಜಿಮೇಲ್ ಕೂಡ ತನ್ನ ಬಳಕೆದಾರರಿಗೆ ದಿನಕ್ಕೆ 5000ದಷ್ಟು ಮೇಲ್ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ (ಮೇಲ್ ನಿಜಕ್ಕೂ ಆ ಡೊಮೇನಿನಿಂದಲೇ ಬಂದದ್ದಾ ಅಂತ ನೋಡುವ ತಪಾಸಣೆಗಳು) ಬೇಕೇ ಬೇಕು, ಜಾಹೀರಾತಿನ ಮೇಲಲ್ಲಿ ಒಂದೇ ಕ್ಲಿಕ್ಕಿಗೆ ಅನ್‌ಸಬ್‌ಸ್ಕ್ರೈಬ್ ಆಗಬೇಕು ಅಂತ ಬಿಗಿ ಮಾಡಿತು, ಒಳ್ಳೆಯದೇ. ನಿಯಮ ಏನು ಅಂತ ಕಳಿಸುವವನಿಗೆ ಮೊದಲೇ ಗೊತ್ತಲ್ವಾ. ಜಿಮೇಲಲ್ಲಿ ಸ್ಪ್ಯಾಮ್ ಫೋಲ್ಡರಿಗೆ ಬಿದ್ದದ್ದೂ 30 ದಿನ ಇರುತ್ತದೆ, ಬೇಕಿದ್ದರೆ ಎತ್ತಿಕೊಳ್ಳಬಹುದು. ಆದರೆ ನನಗೂ ಹೇಳದೆ ಕಳಿಸಿದವರಿಗೂ ಹೇಳದೆ ಸುಮ್ನೆ ಎಸೆಯುವುದು ಅಂದರೆ, ಗಿರಾಕಿಗೆ ಪ್ರೂಫ್ (ಮಾದರಿ ಪ್ರತಿ) ತೋರಿಸದೆ ಅಚ್ಚಿನ ಮಷೀನಿಗೆ ಹಾಕಿದ ಹಾಗೆ. ನಾವು ಹಾಗೆ ಮಾಡಿದರೆ ಗಿರಾಕಿ ದುಡ್ಡೇ ಕೊಡಲ್ಲ.

ಐಪಿ ತಪಾಸಣೆ ನನ್ನ ಅಕೌಂಟಿಗೆ ತೆಗೆದುಬಿಡಿ, ಕಸ ಬಂದರೆ ನಾನೇ ಗುಡಿಸುತ್ತೇನೆ ಅಂದೆ. ಎಲ್ಲರಿಗೂ ಒಂದೇ ಫಿಲ್ಟರ್, ಒಬ್ಬರಿಗೆ ಬದಲಿಸಲು ಆಗಲ್ಲ ಅಂದರು.

5ಕ್ಕೆ 2 ಸ್ಟಾರ್, ಅದೂ ವೆಬ್‌ಮೇಲ್ ಬೇಗ ತೆರೆಯುತ್ತದೆ ಅಂತ. ಮಾರ್ಚಿಗೆ ಪ್ಲಾನ್ ಮುಗಿಯುತ್ತದೆ. ಅಲ್ಲಿಯವರೆಗೆ ಇರಲಿ ಅಂತ ಬಿಲ್ ಬುಕ್ಕಿನ ಮೇಲೆ ಮೇಲ್ ಐಡಿ ತೆಗೆದು ವಾಟ್ಸಾಪ್ ನಂಬರ್ ಅಚ್ಚು ಹಾಕಿದ್ದೇವೆ.