ಮಕ್ಕಳ ಕೃತಜ್ಞತಾ ಡೈರಿ, ಚೀಟಿ ಬಾಟಲಿ: ಕರಾವಳಿಯ ಮನೆಗೆ ಯಾವುದು ಒಗ್ಗುತ್ತದೆ?

ಮಕ್ಕಳಿಗೆಂದು ‘ಗ್ರ್ಯಾಟಿಟ್ಯೂಡ್ ಜರ್ನಲ್’ ಹೆಸರಿನಲ್ಲಿ ಮಾರಾಟವಾಗುವ ಡೈರಿಗಳ ಅಚ್ಚು ಹೆಚ್ಚುಕಡಿಮೆ ಒಂದೇ. ಎ5 ಗಾತ್ರ, 90 ದಿನಕ್ಕೆ 90 ಪುಟ, ಪ್ರತಿ ಪುಟದಲ್ಲಿ ‘ಇಂದು ಖುಷಿ ಕೊಟ್ಟ ಮೂರು ಸಂಗತಿ’ ಎಂದು ಮೂರು ಗೆರೆ, ಕೆಳಗೆ ನಗು-ಅಳುವಿನ ಮುಖಗಳ ಸಾಲು, ಕೊನೆಯಲ್ಲಿ ಸ್ಟಿಕರ್ ಹಾಳೆ. ಇನ್ನೊಂದು ಬಗೆ, ಬಣ್ಣದ ಚೀಟಿಗಳ ಜೊತೆ ಬರುವ ಗಾಜಿನ ಬಾಟಲಿ; ಕೃತಜ್ಞತೆಯ ಮಾತನ್ನು ಚೀಟಿಯಲ್ಲಿ ಬರೆದು ಅದರೊಳಗೆ ಹಾಕುವುದು. ಇವುಗಳ ಬೆಲೆ, ಅಂದಚೆಂದ ನೋಡುವ ಮೊದಲು ಕೇಳಬೇಕಾದದ್ದು ಒಂದೇ: ಕೈಗೆ ಸಿಕ್ಕಿದ ವಸ್ತುವಿನ ಹಿಂದೆ ಯಾರ ದುಡಿಮೆ ಇದೆ ಎಂದು ಮಗು ಹುಡುಕುವಂತೆ ಇದು ಮಾಡುತ್ತದೆಯೇ?

ಡೈರಿ ಸೋಲುವುದು ಇಲ್ಲೇ. ‘ಮೂರು ಸಂಗತಿ’ ಎಂದು ಕೇಳಿದರೆ ಏಳೆಂಟು ವರ್ಷದ ಮಗು ಐಸ್‌ಕ್ರೀಂ, ಕ್ರಿಕೆಟ್, ರೆಡ್ ಅಲರ್ಟ್ ರಜೆ ಎಂದು ಬರೆಯುತ್ತದೆ. ತಪ್ಪೇನೂ ಇಲ್ಲ, ಆದರೆ ಅದು ಖುಷಿಯ ಪಟ್ಟಿಯಾಯಿತು. ಅಮೆರಿಕದ ನಾರ್ತ್ ಕೆರೊಲಿನಾ ವಿಶ್ವವಿದ್ಯಾಲಯದ ಆಂಡ್ರಿಯಾ ಹುಸಾಂಗ್ ಮತ್ತು ಸಂಗಡಿಗರು ಮಕ್ಕಳ ಕೃತಜ್ಞತೆಯನ್ನು ನಾಲ್ಕು ಭಾಗ ಮಾಡಿ ನೋಡುತ್ತಾರೆ: ಸಿಕ್ಕಿದ್ದನ್ನು ಗಮನಿಸುವುದು, ಅದು ಯಾಕೆ ಸಿಕ್ಕಿತೆಂದು ಯೋಚಿಸುವುದು, ಮನಸ್ಸಿಗೆ ಏನನ್ನಿಸಿತೆಂದು ಗುರುತಿಸುವುದು, ಆಮೇಲೆ ಏನಾದರೂ ಮಾಡುವುದು. ಡೈರಿಯ ಮೂರು ಗೆರೆ ಮೊದಲನೆಯದರಲ್ಲೇ ಮುಗಿದುಹೋಗುತ್ತದೆ. ಮುಖದ ಚಿತ್ರಕ್ಕೆ ಬಣ್ಣ ತುಂಬಿದರೆ ಆ ದಿನದ ಮೂಡ್ ಗೊತ್ತಾಗುತ್ತದೆಯೇ ಹೊರತು ಯಾರ ಬಗ್ಗೆ ಏನನ್ನಿಸಿತು ಎಂಬುದು ಗೊತ್ತಾಗುವುದಿಲ್ಲ.

ದಿನಕ್ಕೊಂದು ಪುಟ ಎಂಬುದೇ ಎರಡನೆಯ ತೊಡಕು. ಬೆಳಿಗ್ಗೆ ಏಳೂವರೆಗೆ ಸ್ಕೂಲ್ ಬಸ್, ಸಂಜೆ ಟ್ಯೂಷನ್, ವಾರದಲ್ಲಿ ಎರಡು ದಿನ ಯಕ್ಷಗಾನವೋ ಭರತನಾಟ್ಯವೋ, ಅಪ್ಪ ಅಮ್ಮ ಇಬ್ಬರೂ ಕೆಲಸದಿಂದ ಬರುವಾಗ ರಾತ್ರಿ. ಇಂಥ ಮನೆಯಲ್ಲಿ ಡೈರಿ ಇನ್ನೊಂದು ಹೋಂವರ್ಕ್ ಆಗುತ್ತದೆ. ಬಿಟ್ಟುಹೋದ ಪುಟಗಳನ್ನು ಭಾನುವಾರ ಒಟ್ಟಿಗೆ ತುಂಬಿಸಲು ಕೂತರೆ ಮಗು ಒಂದೇ ಉತ್ತರವನ್ನು ಏಳು ಸಲ ಬರೆಯುತ್ತದೆ. ಮನಶ್ಶಾಸ್ತ್ರಜ್ಞೆ ಸೋನ್ಯಾ ಲ್ಯುಬೊಮಿರ್ಸ್ಕಿ ಮತ್ತು ಸಂಗಡಿಗರು 2005ರಲ್ಲಿ ಪ್ರಕಟಿಸಿದ ಬರಹದಲ್ಲಿ, ಕೃತಜ್ಞತೆಯ ಸಂಗತಿಗಳನ್ನು ಬರೆಯಿಸಿದ ಆರು ವಾರಗಳ ಪ್ರಯೋಗವೊಂದರ ವಿಷಯ ಬರುತ್ತದೆ. ಅದರಲ್ಲಿ ವಾರಕ್ಕೊಮ್ಮೆ ಬರೆದವರ ನೆಮ್ಮದಿ ಹೆಚ್ಚಿತು, ವಾರಕ್ಕೆ ಮೂರು ಸಲ ಬರೆದವರದು ಹೆಚ್ಚಲಿಲ್ಲ. ಅದು ದೊಡ್ಡವರ ಮೇಲೆ ನಡೆದ ಪ್ರಯೋಗ. ಆದರೂ ಬಿಡುವಿಲ್ಲದ ಮನೆಗೆ ವಾರಕ್ಕೊಮ್ಮೆಯ ಲೆಕ್ಕವೇ ಸರಿ.

ಮೂರನೆಯದು ನಮ್ಮ ಹವೆ. ವರ್ಷಕ್ಕೆ 3,500 ಮಿಲಿಮೀಟರಿಗೂ ಮಿಕ್ಕಿ ಮಳೆ ಸುರಿಯುವ ಊರಲ್ಲಿ ಜೂನ್ ಕಳೆಯುವಷ್ಟರಲ್ಲಿ ತೆಳು ಹಾಳೆ ತಂಪು ಹಿಡಿಯುತ್ತದೆ, ಜೆಲ್ ಪೆನ್ನಿನ ಶಾಯಿ ಹರಡುತ್ತದೆ, ಸ್ಟಿಕರಿನ ಅಂಚು ಏಳುತ್ತದೆ, ತಂತಿ ಸುರುಳಿಗೆ ತುಕ್ಕು ಹಿಡಿದು ಕಲೆ ಪುಟಕ್ಕೆ ಇಳಿಯುತ್ತದೆ. ಡೈರಿಯೇ ಬೇಕೆಂದಿದ್ದರೆ ಹೊಲಿಗೆ ಬೈಂಡಿಂಗ್‌ನದು, 100 ಜಿಎಸ್‌ಎಂ ತೂಕದ ದಪ್ಪ ಹಾಳೆಯದು, ತಾರೀಖು ಅಚ್ಚಾಗದ್ದು ತನ್ನಿ. ತಾರೀಖು ಇಲ್ಲದಿದ್ದರೆ ಖಾಲಿ ಪುಟ ಮಗುವನ್ನು ದೂರುವುದಿಲ್ಲ. ಮೂರು ಗೆರೆಯ ಪಕ್ಕ ‘ಯಾರು?’, ‘ಏನು ಮಾಡಿದರು?’, ‘ಅದಕ್ಕೆ ಅವರಿಗೆ ಎಷ್ಟು ಶ್ರಮ?’ ಎಂದು ನೀವೇ ಪೆನ್ಸಿಲಿನಲ್ಲಿ ಬರೆದುಬಿಡಿ.

ಬಾಟಲಿಯೇ ವಾಸಿ, ಆದರೆ ಕಿಟ್ ಕೊಳ್ಳುವ ಅಗತ್ಯವಿಲ್ಲ. ಕಿಟ್ಟಿನಲ್ಲಿ ಬರುವ ಕಾರ್ಕ್ ಮುಚ್ಚಳ ಮಳೆಗಾಲದಲ್ಲಿ ಬೂಸ್ಟು ಹಿಡಿಯುತ್ತದೆ. ಉಪ್ಪಿನಕಾಯಿ ಖಾಲಿಯಾದ ಒಂದು ಲೀಟರಿನ ತಿರುಪು ಮುಚ್ಚಳದ ಬಾಟಲಿಯನ್ನು ಬಿಸಿನೀರಲ್ಲಿ ತೊಳೆದು ಎರಡು ದಿನ ಒಣಗಿಸಿದರೆ ಸಾಕು. ಒಂದು ಬದಿ ಖಾಲಿಯಿರುವ ಎ4 ಹಾಳೆಯನ್ನು ನಾಲ್ಕು ಸಲ ಅರ್ಧಕ್ಕೆ ಮಡಚಿ ಕತ್ತರಿಸಿದರೆ ಸುಮಾರು ಮೂರು ಇಂಚು ಉದ್ದ, ಎರಡು ಇಂಚು ಅಗಲದ 16 ಚೀಟಿ ಸಿಗುತ್ತದೆ. ನಾಲ್ಕು ಜನರ ಮನೆಯಲ್ಲಿ ವಾರಕ್ಕೆ ತಲೆಗೊಂದರಂತೆ ವರ್ಷಕ್ಕೆ 208 ಚೀಟಿ, ಅಂದರೆ 13 ಹಾಳೆ. ಬರೆಯಲು ಪೆನ್ಸಿಲ್. ಹೊಸ ಚಪ್ಪಲಿ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣವನ್ನು ಮುಚ್ಚಳದ ಒಳಭಾಗಕ್ಕೆ ಅಂಟಿಸಬಹುದು, ಪುಟ್ಟ ಮಕ್ಕಳಿರುವ ಮನೆಯಲ್ಲಿ ಮಾತ್ರ ಬೇಡ. ಬಾಟಲಿ ಊಟದ ಮೇಜಿನ ಹತ್ತಿರ ಇರಲಿ, ಒಲೆಯ ಆವಿ ತಾಗುವಲ್ಲಿ ಅಲ್ಲ.

ಭಾನುವಾರ ತಿಂಡಿಯಾದ ಮೇಲೆ ಹತ್ತು ನಿಮಿಷ ಸಾಕು. ಮಗು ‘ನೀರುದೋಸೆ’ ಎಂದು ಬರೆದರೆ ಅಲ್ಲಿಂದಲೇ ಹಿಡಿಯಿರಿ. ರಾತ್ರಿ ಅಕ್ಕಿ ನೆನೆಹಾಕಿದ್ದು ಯಾರು? ಅವರು ಎಷ್ಟು ಗಂಟೆಗೆ ಎದ್ದು ರುಬ್ಬಿದರು? ಆ ಹೊತ್ತಿನಲ್ಲಿ ಇನ್ನೇನು ಮಾಡಬಹುದಿತ್ತು? ಈ ಕೊನೆಯ ಪ್ರಶ್ನೆಗೆ ಮಕ್ಕಳು ‘ಮಲಗಬಹುದಿತ್ತು’ ಎನ್ನುತ್ತಾರೆ, ಶ್ರಮ ಏನೆಂದು ಆಗ ತಲೆಗೆ ಹೋಗುತ್ತದೆ. ಚೀಟಿಗೆ ಇಳಿಯಬೇಕಾದದ್ದು ಇದು: ‘ಅಜ್ಜಿ ಐದು ಗಂಟೆಗೆ ಎದ್ದು ರುಬ್ಬಿದರು.’ ತುಳು, ಕೊಂಕಣಿ, ಬ್ಯಾರಿ, ಮನೆಮಾತು ಯಾವುದಿದ್ದರೂ ಅದರಲ್ಲೇ ಬರೆಯಲಿ. ಬರೆಯಲು ಬಾರದ ಮಗು ಚಿತ್ರ ಬಿಡಿಸಲಿ, ದೊಡ್ಡವರು ಹಿಂಬದಿಯಲ್ಲಿ ಹೆಸರು ಬರೆದಿಟ್ಟರಾಯಿತು.

ಕೆಲವು ವಾರಗಳಲ್ಲಿ ಚೀಟಿಗಳೆಲ್ಲ ‘ಅಮ್ಮ, ಅಪ್ಪ’ ಎಂದೇ ತುಂಬತೊಡಗುತ್ತವೆ. ಆಗ ವಾರಕ್ಕೊಂದು ಜಾಗ ಕೊಡಿ: ಬಸ್ಸು, ಕಸದ ಗಾಡಿ, ಮೀನು ಮಾರ್ಕೆಟ್, ಶಾಲೆಯ ಬಿಸಿಯೂಟದ ಅಡುಗೆಮನೆ. ಗಾಳಿಮಳೆಗೆ ಕರೆಂಟ್ ಹೋಗಿ ಬಂದ ವಾರ ಕಂಬ ಹತ್ತಿದ ಮೆಸ್ಕಾಂ ಲೈನ್‌ಮನ್. ಉಡುಪಿಯ ಕೃಷ್ಣಮಠದಲ್ಲಿ ಊಟ ಮಾಡಿದ ದಿನವಾದರೆ ಬಡಿಸಿದವರು, ಎಲೆ ತೆಗೆದವರು, ನೆಲ ಒರೆಸಿದವರು. ತುಳುನಾಡಿನ ಭೂಮಿಪೂಜೆಯ ಹಬ್ಬ ಕೆಡ್ಡಸ, ಆಯುಧಪೂಜೆ, ತೆನೆಹಬ್ಬ, ಕರಾವಳಿಯ ಕ್ರೈಸ್ತರು ಹೊಸ ತೆನೆ ತರುವ ಮೊಂತಿಫೆಸ್ತ್‌ಗಳ ವಾರದಲ್ಲಿ ಮಾತು ತಾನಾಗಿಯೇ ಮಣ್ಣು, ಹತ್ಯಾರು, ಹೊಸ ಅಕ್ಕಿಯತ್ತ ಹೊರಳುತ್ತದೆ.

ಕೆಡುವುದು ಹೆಚ್ಚಾಗಿ ದೊಡ್ಡವರಿಂದ. ಚೀಟಿಯಲ್ಲಿ ಕಾಗುಣಿತ ತಿದ್ದಿದರೆ ಮುಂದಿನ ವಾರ ಮಗು ಗೊತ್ತಿರುವ ಎರಡು ಪದದಲ್ಲಿ ಮುಗಿಸುತ್ತದೆ. ಸ್ಟಾರ್ ಕೊಟ್ಟರೆ ಸ್ಟಾರಿಗಾಗಿ ಬರೆಯುತ್ತದೆ. ‘ಊಟವಿಲ್ಲದ ಮಕ್ಕಳನ್ನು ನೋಡು’ ಎಂದರೆ ಹುಟ್ಟುವುದು ಅಪರಾಧಿಭಾವ. ಎಲ್ಲಕ್ಕಿಂತ ಕೆಟ್ಟದ್ದು, ಜಗಳದ ಮಧ್ಯೆ ‘ನೀನೇ ಹೀಗೆ ಬರೆದಿದ್ದೆಯಲ್ಲ’ ಎಂದು ಚೀಟಿ ಎತ್ತಿ ಹಿಡಿಯುವುದು. ಆಮೇಲೆ ಆ ಬಾಟಲಿಯನ್ನು ಮಗು ನಂಬುವುದಿಲ್ಲ. ದೊಡ್ಡವರ ಚೀಟಿಯೂ ಅದರೊಳಗೆ ಬೀಳಬೇಕು, ಮಗುವಿನ ಹೆಸರಿನಲ್ಲೂ. ‘ಜಾಣ ಮರಿ’ ಎಂದರೆ ಹೊಗಳಿಕೆಯಾಯಿತು. ‘ಮಳೆ ಬಂದಾಗ ಓಡಿಹೋಗಿ ಬಟ್ಟೆ ಎತ್ತಿಟ್ಟೆ, ನನಗೆ ಇನ್ನೊಮ್ಮೆ ಒಗೆಯುವುದು ತಪ್ಪಿತು’ ಎಂದು ಬರೆಯಿರಿ.

ಕಿಟ್ಟಿನ ಸೂಚನಾಪತ್ರಗಳಲ್ಲಿ ಸಾಮಾನ್ಯವಾಗಿ ಕಾಣದ ಒಂದು ಹಂತವನ್ನು ನೀವೇ ಸೇರಿಸಿಕೊಳ್ಳಬೇಕು. ತಿಂಗಳಿಗೊಂದು ಚೀಟಿಯನ್ನು ಮಗುವೇ ಆರಿಸಿ ಸಂಬಂಧಪಟ್ಟವರಿಗೆ ತಲುಪಿಸಲಿ. ಬಸ್ಸಿನ ಕಂಡಕ್ಟರಿಗೆ ‘ಮೊನ್ನೆ ಮಳೆಯಲ್ಲಿ ನನ್ನ ಬ್ಯಾಗ್ ಇಳಿಸಿಕೊಟ್ರಲ್ಲ, ಥ್ಯಾಂಕ್ಸ್’ ಎಂದರೆ ಸಾಕು. ನಾಚಿಕೆಯ ಮಗು ಚೀಟಿ ಕೈಗಿಟ್ಟು ಬರಲಿ. ಮಗುವಿನ ಬದಲು ನೀವು ಮಾತಾಡಬೇಡಿ, ಜೊತೆಗೆ ಹಣವನ್ನೂ ಇಡಬೇಡಿ. ಹಣ ಸೇರಿದರೆ ಅದು ಟಿಪ್ಸ್ ಆಗಿಬಿಡುತ್ತದೆ. ಬೆಳಿಗ್ಗೆ ಎಂಟರ ನೂಕುನುಗ್ಗಲಿನ ಬಸ್ಸಿನಲ್ಲಿ ಇದು ಆಗುವ ಮಾತಲ್ಲ, ಶನಿವಾರ ಮಧ್ಯಾಹ್ನದ ಖಾಲಿ ಟ್ರಿಪ್ಪಿಗೆ ಕಾಯಿರಿ.