ರೂಟ್ ಪಿ ಎಲ್ಲಿ ಹೋಯಿತು? ಲೋಕಲ್ ಕಾಂಪೊನೆಂಟ್ ಲೆಕ್ಕಕ್ಕೆ ಸೇಜ್, ಮ್ಯಾಗ್ಮಾ, ಪಾರಿ ಮತ್ತು ಕೈಲೆಕ್ಕ

ಮೊದಲೇ ಹೇಳಿಬಿಡುತ್ತೇನೆ, ನಾನು ಸೇಜ್ ಕಡೆಯವನು. (ಸೇಜ್, ಮ್ಯಾಗ್ಮಾ, ಪಾರಿ ಮೂರೂ ಗಣಿತದ ಸಾಫ್ಟ್‌ವೇರ್‌ಗಳು.) ಮೂರು ದಿನ ನನ್ನನ್ನು ಸುಮ್ನೆ ಸುತ್ತಾಡಿಸಿದ್ದೂ ಸೇಜೇ. ಆದರೂ ಬಿಟ್ಟಿಲ್ಲ.

ನನಗೆ ಬೇಕಿದ್ದದ್ದು ಇಷ್ಟು. ಕೈಯಲ್ಲಿ ಒಂದು ನ್ಯೂಫಾರ್ಮ್ ಇದೆ, ಅಂದರೆ ಒಂದು ಬಗೆಯ ಮಾಡ್ಯುಲರ್ ಫಾರ್ಮ್, ಗುಣಾಂಕಗಳ ಒಂದು ಶ್ರೇಣಿ. ಅದಕ್ಕೆ ಲೆವೆಲ್, ವೆಯ್ಟ್ ಅಂತ ಎರಡು ಪೂರ್ಣಾಂಕಗಳು ಅಂಟಿರುತ್ತವೆ; ಲೆವೆಲ್ ಎನ್. ಅದರಿಂದ ಹುಟ್ಟುವ ಆಟೊಮಾರ್ಫಿಕ್ ರೆಪ್ರೆಸೆಂಟೇಶನ್ (ಫಾರ್ಮಿನ ಸಮ್ಮಿತಿಯನ್ನು ಹಿಡಿದಿಡುವ ರಚನೆ) ಒಂದೊಂದು ಅವಿಭಾಜ್ಯಕ್ಕೆ ಒಂದೊಂದು ತುಂಡಾಗಿ ಒಡೆಯುತ್ತದೆ. ಆ ತುಂಡೇ ಲೋಕಲ್ ಕಾಂಪೊನೆಂಟ್. ಪಿ ಅನ್ನುವ ಅವಿಭಾಜ್ಯದ ಪಾಲಿಗೆ ಬಂದ ತುಂಡು ಯಾವುದು? ಪಿ ಲೆವೆಲ್ಲನ್ನು ಭಾಗಿಸದಿದ್ದರೆ ಚಿಂತೆಯಿಲ್ಲ, ಪಿ-ನೇ ಗುಣಾಂಕವೇ ಎಲ್ಲ ಹೇಳುತ್ತದೆ. ಫಾರ್ಮಿನ ಕ್ಯಾರೆಕ್ಟರ್ (ಗುಣಾಕಾರವನ್ನು ಉಳಿಸುವ ಫಂಕ್ಷನ್) ಟ್ರಿವಿಯಲ್ ಆಗಿದ್ದು ಪಿ ಒಂದೇ ಸಲ ಭಾಗಿಸಿದರೆ ಸ್ಟೈನ್‌ಬರ್ಗ್, ಅಥವಾ ಅದರ ಅನ್‌ರ‍್ಯಾಮಿಫೈಡ್ ಟ್ವಿಸ್ಟ್. ಟ್ವಿಸ್ಟ್ ಅಂದರೆ ತುಂಡನ್ನು ಒಂದು ಕ್ಯಾರೆಕ್ಟರಿನಿಂದ ಗುಣಿಸುವುದು. ಗುಣಾಂಕದ ಚಿಹ್ನೆ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ತಲೆನೋವು ಶುರುವಾಗುವುದು ಪಿ ವರ್ಗವೂ ಭಾಗಿಸಿದಾಗ. ಆಗ ಗುಣಾಂಕ ಸೊನ್ನೆ. ಸೊನ್ನೆ ನೋಡಿ ಏನು ಹೇಳೋದು? ಪ್ರಿನ್ಸಿಪಲ್ ಸೀರೀಸ್ (ಎರಡು ಕ್ಯಾರೆಕ್ಟರ್‌ಗಳಿಂದ ಕಟ್ಟಿದ್ದು) ಇರಬಹುದು, ಸ್ಟೈನ್‌ಬರ್ಗಿನ ಟ್ವಿಸ್ಟ್ ಇರಬಹುದು, ಸೂಪರ್‌ಕಸ್ಪಿಡಲ್ (ಹಾಗೆ ಕಟ್ಟಲು ಬಾರದ್ದು) ಇರಬಹುದು.

ಮೊದಲು ಕೈಲೆಕ್ಕ. ವೆಯ್ಟ್ 2, ಎಲಿಪ್ಟಿಕ್ ಕರ್ವಿನಿಂದ (ಒಂದು ಬಗೆಯ ಘನ ಸಮೀಕರಣದಿಂದ) ಬಂದ ಫಾರ್ಮ್, ಪಿ 5 ಅಥವಾ ಹೆಚ್ಚು ಅಂದರೆ ಕಂಪ್ಯೂಟರೇ ಬೇಡ. ಕರ್ವಿನ ಸಮೀಕರಣದಿಂದಲೇ ಸಿಗುವ ಸಂಖ್ಯೆ ಜೆ-ಇನ್ವೇರಿಯಂಟಿನ ಛೇದದಲ್ಲಿ ಪಿ ಇದ್ದರೆ ಸ್ಟೈನ್‌ಬರ್ಗ್ ಅಥವಾ ಅದರ ಟ್ವಿಸ್ಟ್. ಇಲ್ಲದಿದ್ದರೆ ಅದೇ ರೀತಿ ಸಿಗುವ ಇನ್ನೊಂದು ಸಂಖ್ಯೆ ಮಿನಿಮಲ್ ಡಿಸ್ಕ್ರಿಮಿನಂಟಿನಲ್ಲಿ ಪಿ ಎಷ್ಟು ಸಲ ಇದೆ ಎಣಿಸಿ. ಆ ಸಂಖ್ಯೆಗೂ 12ಕ್ಕೂ ಮ.ಸಾ.ಅ. ತೆಗೆದು, 12ನ್ನು ಅದರಿಂದ ಭಾಗಿಸಿ. ಬಂದದ್ದು 1 ಅಥವಾ 2 ಆದರೆ ಪ್ರಿನ್ಸಿಪಲ್ ಸೀರೀಸ್. 3, 4, 6ರಲ್ಲಿ ಒಂದಾದರೆ, ಅದು ಪಿ ಮೈನಸ್ 1 ಅನ್ನು ಭಾಗಿಸುತ್ತದಾ ನೋಡಿ. ಭಾಗಿಸಿದರೆ ಪ್ರಿನ್ಸಿಪಲ್ ಸೀರೀಸ್, ಇಲ್ಲದಿದ್ದರೆ ಸೂಪರ್‌ಕಸ್ಪಿಡಲ್. ಲೆವೆಲ್ 49ರ 49ಎ ಅನ್ನುವ ಕರ್ವಿನ ಡಿಸ್ಕ್ರಿಮಿನಂಟ್ ಮೈನಸ್ 343, ಅಂದರೆ ಮೈನಸ್ 7ರ ಘನ. ಮ.ಸಾ.ಅ. 3, ಬಂದದ್ದು 4. 4 ರಿಂದ 6 ಭಾಗ ಹೋಗುವುದಿಲ್ಲ. ಸೂಪರ್‌ಕಸ್ಪಿಡಲ್. ಚೀಟಿಯ ಹಿಂಬದಿಯಲ್ಲಿ ಮುಗಿಯುವ ಲೆಕ್ಕ. ಆದರೆ ಪಿ 2 ಅಥವಾ 3 ಆದರೆ ಈ ಉಪಾಯ ನಡೆಯುವುದಿಲ್ಲ, ವೆಯ್ಟ್ 4ಕ್ಕೆ ಹೋದರೆ ಕರ್ವೇ ಇರುವುದಿಲ್ಲ. ಜಾತಿ ಗೊತ್ತಾದರೂ ನಿಖರವಾದ ಕ್ಯಾರೆಕ್ಟರ್ ಸಿಗುವುದಿಲ್ಲ.

ಪಾರಿ ಕಣ್ಣು ಮಿಟುಕಿಸುವಷ್ಟರಲ್ಲಿ ತೆರೆದುಕೊಳ್ಳುತ್ತದೆ. ಕರ್ವಿನ ಲೋಕಲ್ ರಿಡಕ್ಷನ್, ಲೋಕಲ್ ರೂಟ್ ನಂಬರ್ ಎಲ್ಲ ತಕ್ಷಣ ಕೊಡುತ್ತದೆ. 2018ರಿಂದ ಮಾಡ್ಯುಲರ್ ಫಾರ್ಮ್‌ಗಳ ಪ್ಯಾಕೇಜೂ ಇದೆ. ಆದರೆ ‘ಈ ತುಂಡು ಯಾವುದು’ ಅಂತ ನೇರವಾಗಿ ಕೇಳಲು ಅದರಲ್ಲಿ ಆಜ್ಞೆಯಿಲ್ಲ. ನಾನು ಅದನ್ನು ಉತ್ತರ ತಾಳೆ ನೋಡಲು ಮಾತ್ರ ಬಳಸುತ್ತೇನೆ.

ಮ್ಯಾಗ್ಮಾ ಒಳ್ಳೆಯದು, ಅದರಲ್ಲಿ ಎರಡು ಮಾತಿಲ್ಲ. ಮಾಡ್ಯುಲರ್ ಸಿಂಬಲ್‌ಗಳ ಜಾಗವನ್ನೂ ಅವಿಭಾಜ್ಯವನ್ನೂ ಕೊಟ್ಟರೆ ತುಂಡು ಸಿಗುತ್ತದೆ. ಸೂಪರ್‌ಕಸ್ಪಿಡಲ್ ಆದರೆ ಅದು ಯಾವ ಚಿಕ್ಕ ಗುಂಪಿನಿಂದ ಇಂಡ್ಯೂಸ್ ಆಯಿತು (ಕಟ್ಟಲ್ಪಟ್ಟಿತು) ಅಂತಲೂ ಹೇಳುತ್ತದೆ, ಗಾಲ್ವಾ ಕಡೆಗೂ, ಅಂದರೆ ಅದಕ್ಕೆ ಹೊಂದುವ ಗಾಲ್ವಾ ಗುಂಪಿನ ರೆಪ್ರೆಸೆಂಟೇಶನ್ ಕಡೆಗೂ, ಕರೆದೊಯ್ಯುತ್ತದೆ. ಗಾಲ್ವಾ ಕಡೆಯೇ ನಿಮ್ಮ ಕೆಲಸವಾದರೆ ಇದೇ ಸರಿ. ನನ್ನ ಮಟ್ಟಿಗೆ ತೊಂದರೆ ಲೈಸೆನ್ಸಿನದು. ಲೈಸೆನ್ಸ್ ಇದ್ದ ಕಡೆ ಕೆಲಸ ಮಾಡುತ್ತಿದ್ದಾಗ ಒಂದಷ್ಟು ಸ್ಕ್ರಿಪ್ಟ್ ಬರೆದೆ. ಅಲ್ಲಿಂದ ಹೊರಟಾಗ ಸ್ಕ್ರಿಪ್ಟ್‌ಗಳು ನನ್ನ ಜೊತೆ ಬಂದವು, ಲೈಸೆನ್ಸ್ ಬರಲಿಲ್ಲ. ಉಚಿತ ಆನ್‌ಲೈನ್ ಕ್ಯಾಲ್ಕುಲೇಟರ್ ಇದೆ ನಿಜ, ಅದಕ್ಕೆ ಸಮಯದ ಮಿತಿಯೂ ಇದೆ. ಸ್ವಂತ ದುಡ್ಡು ಹಾಕಿ ಲೈಸೆನ್ಸ್ ಕೊಳ್ಳುವ ಯೋಚನೆ ನನಗಂತೂ ಬರಲಿಲ್ಲ.

ಈಗ ಸೇಜ್. ಗಣಿತಜ್ಞರಾದ ಲೋಫ್ಲರ್ ಮತ್ತು ವೈನ್‌ಸ್ಟೈನ್ ತಮ್ಮ ವಿಧಾನವನ್ನು 2012ರಲ್ಲಿ ಪ್ರಕಟಿಸಿದರು, ಸೇಜ್‌ನಲ್ಲಿರುವುದು ಅದೇ. ನ್ಯೂಫಾರ್ಮ್ ಕೊಡಿ, ಪಿ ಕೊಡಿ, ಜಾತಿ ಕೇಳಿ, ಕ್ಯಾರೆಕ್ಟರ್‌ಗಳನ್ನು ಕೇಳಿ. ಪಿ ದೊಡ್ಡದಾದಷ್ಟೂ, ಕಂಡಕ್ಟರಿನ ಘಾತ (ಲೆವೆಲ್ಲಿನಲ್ಲಿ ಪಿ ಎಷ್ಟು ಸಲ ಇದೆ ಅನ್ನುವುದು) ಏರಿದಷ್ಟೂ ನಿಧಾನ. ಅದು ನಾನು ಸಹಿಸಿಕೊಳ್ಳಬಲ್ಲ ದೋಷ.

ನನ್ನನ್ನು ಸುತ್ತಾಡಿಸಿದ್ದು ನಾರ್ಮಲೈಸೇಶನ್, ಅಂದರೆ ಉತ್ತರವನ್ನು ಯಾವ ಅಳತೆಯಲ್ಲಿ ಬರೆಯಬೇಕು ಅನ್ನುವ ಒಪ್ಪಂದ. ಅತಿ ಸುಲಭದ ಉದಾಹರಣೆಯಿಂದ ಶುರು ಮಾಡಿದ್ದೆ: ಲೆವೆಲ್ 11ರ 11ಎ, ಪಿ 17. ಅಲ್ಲಿನ ಗುಣಾಂಕ ಮೈನಸ್ 2. ಸೇಜ್ ಸಟಾಕೆ ಪಾಲಿನಾಮಿಯಲ್ (ತುಂಡಿನ ಎರಡು ಕ್ಯಾರೆಕ್ಟರ್‌ಗಳು ಪಿ-ಯಲ್ಲಿ ಪಡೆಯುವ ಬೆಲೆಗಳೇ ಇದರ ಮೂಲಗಳು) ಕೊಟ್ಟಿತು: ಎಕ್ಸ್² + 2ಎಕ್ಸ್ + 17. ಮೂಲಗಳು ಮೈನಸ್ 1 ಪ್ಲಸ್ ಅಥವಾ ಮೈನಸ್ 4ಐ. ಎರಡರ ಗಾತ್ರವೂ ರೂಟ್ 17. ನನಗೆ ಬೇಕಿದ್ದದ್ದು ಯೂನಿಟರಿ ರೂಪ, ಅದರಲ್ಲಿ ಗಾತ್ರ 1 ಬರಬೇಕು. ಸರಿ, ಎಲ್ಲೋ ಒಂದು ಟ್ವಿಸ್ಟ್ ಸೇರಿಕೊಂಡಿದೆ, ತೆಗೆದರಾಯಿತು ಅಂದುಕೊಂಡೆ.

ಎಷ್ಟು ತೆಗೆಯಬೇಕು? ಕೈಪಿಡಿ ಹೇಳುತ್ತದೆ: ವೆಯ್ಟ್ ಕೆ ಆದರೆ, ತಾನಾಗಿಯೇ ಆರಿಸಿಕೊಳ್ಳುವ ಟ್ವಿಸ್ಟ್ ಕೆ ಮೈನಸ್ 2. ಅಂದರೆ ಸೆಂಟ್ರಲ್ ಕ್ಯಾರೆಕ್ಟರ್ (ಸ್ಕೇಲರ್ ಮ್ಯಾಟ್ರಿಕ್ಸ್‌ಗಳು ವರ್ತಿಸುವ ರೀತಿ) ಪಿ-ಯನ್ನು ಪಿ-ಯ ಕೆ ಮೈನಸ್ 2ನೇ ಘಾತಕ್ಕೆ ಒಯ್ಯುತ್ತದೆ. ಅದರ ಅರ್ಧವನ್ನು ಕಳೆದರೆ ಸೆಂಟ್ರಲ್ ಕ್ಯಾರೆಕ್ಟರ್ ಯೂನಿಟರಿ ಆಗಲೇಬೇಕು. ನಮ್ಮ ವೆಯ್ಟ್ 2. ಕಳೆಯಬೇಕಾದದ್ದು ಸೊನ್ನೆ! ಹಾಗಾದರೆ ರೂಟ್ 17 ಹಾಗೇ ಉಳಿಯಿತಲ್ಲ?

ಎರಡು ನಿಮಿಷ ರಾಮಾನುಜನ್ ಊಹೆಗೆ (ಯೂನಿಟರಿ ರೂಪದಲ್ಲಿ ಗಾತ್ರ 1 ಬರುತ್ತದೆ ಅನ್ನುವುದಕ್ಕೆ) ಅಪವಾದ ಕಂಡುಹಿಡಿದೆ ಅನ್ನಿಸಿತು. ಊಹೆ ಅಂದೆ, ಆದರೆ ಡೆಲಿನ್ ಅದನ್ನು 1974ರಲ್ಲೇ ಸಾಧಿಸಿದ್ದಾರೆ. 11ಎ ಎಲಿಪ್ಟಿಕ್ ಕರ್ವೇ ಆದ್ದರಿಂದ ಇಲ್ಲಿ ಬೇಕಾದ್ದನ್ನು ಹಾಸ್ಸೆ 1930ರ ದಶಕದಲ್ಲೇ ಮುಗಿಸಿದ್ದರು. ತಪ್ಪು ನನ್ನದೇ. ಆಮೇಲೆ ವೆಯ್ಟ್ 4ರಲ್ಲಿ ನೋಡಿದೆ. ಅಲ್ಲೂ ಅರ್ಧ ಕಳೆದ ಮೇಲೆ ಒಂದು ರೂಟ್ ಪಿ ಉಳಿಯಿತು. ಆ ಮೂಲಗಳಿಂದ ಕಟ್ಟುವ ಎಲ್-ಫ್ಯಾಕ್ಟರ್ ಪ್ರತಿ ಸಲ ಅರ್ಧ ಹೆಜ್ಜೆ ಪಕ್ಕಕ್ಕೆ ಸರಿದಿರುತ್ತಿತ್ತು. ಮೂರನೇ ದಿನದವರೆಗೂ ನನ್ನದೇ ಕೋಡಿನಲ್ಲಿ ದೋಷ ಹುಡುಕುತ್ತಿದ್ದೆ.

ಉತ್ತರ ಕೈಪಿಡಿಯ ಅದೇ ಪುಟದಲ್ಲಿ, ಮುಂದಿನ ಪ್ಯಾರಾದಲ್ಲಿತ್ತು. ನಾನು ಅದನ್ನು ಓದಿರಲಿಲ್ಲ. ಎರಡು ಕ್ಯಾರೆಕ್ಟರ್‌ಗಳಿಂದ ಪ್ರಿನ್ಸಿಪಲ್ ಸೀರೀಸ್ ಕಟ್ಟುವಾಗ ನಾವೆಲ್ಲ ಪಿ-ಅಡಿಕ್ ಅಬ್ಸೊಲ್ಯೂಟ್ ವ್ಯಾಲ್ಯೂನ (ಇದರಲ್ಲಿ ಪಿ-ಯ ಬೆಲೆ 1/ಪಿ) ಅರ್ಧ ಘಾತವನ್ನು ಎರಡೂ ಕಡೆ ಹಂಚುತ್ತೇವೆ, ಒಂದು ಕಡೆ ಮೇಲೆ, ಇನ್ನೊಂದು ಕಡೆ ಕೆಳಗೆ. ಸೇಜ್ ಇಡೀ ಘಾತವನ್ನು ಒಂದೇ ಕಡೆ ಇಡುತ್ತದೆ. ಹಾಗಾಗಿ ಸೆಂಟ್ರಲ್ ಕ್ಯಾರೆಕ್ಟರ್ ಎರಡರ ಗುಣಲಬ್ಧವಷ್ಟೇ ಅಲ್ಲ, ಅದಕ್ಕೆ ಅಬ್ಸೊಲ್ಯೂಟ್ ವ್ಯಾಲ್ಯೂ ಕೂಡ ಸೇರುತ್ತದೆ. 11ಎ-ಯಲ್ಲಿ ಎರಡು ಮೂಲಗಳ ಗುಣಲಬ್ಧ 17. ಅದಕ್ಕೆ 17ರ ಅಬ್ಸೊಲ್ಯೂಟ್ ವ್ಯಾಲ್ಯೂ 1/17 ಸೇರಿದರೆ 1. ಸೆಂಟ್ರಲ್ ಕ್ಯಾರೆಕ್ಟರ್ ಮೊದಲೇ ಸರಿಯಿತ್ತು, ರೆಪ್ರೆಸೆಂಟೇಶನ್ನೂ ಯೂನಿಟರಿಯೇ. ರೂಟ್ ಪಿ ಕೂತಿದ್ದದ್ದು ಹೆಸರಿಡುವ ಪದ್ಧತಿಯಲ್ಲಿ. ಕ್ಯಾರೆಕ್ಟರ್‌ಗಳಿಂದ ಕಳೆಯಬೇಕಾದದ್ದು ಕೆ ಮೈನಸ್ 1ರ ಅರ್ಧ, ಕೆ ಮೈನಸ್ 2ರ ಅರ್ಧ ಅಲ್ಲ.

ಯಾಕೆ ಹೀಗೆ ಮಾಡಿದರು? ಕಾರಣ ತಿಳಿದ ಮೇಲೆ ಸಿಟ್ಟು ಇಳಿಯಿತು. ಯೂನಿಟರಿ ರೂಪ ಬೇಕು ಅಂತ ಹಠ ಹಿಡಿದರೆ, ವೆಯ್ಟ್ ಬೆಸವಾದಾಗ ರೂಟ್ ಪಿ-ಯ ಎರಡು ಬೆಲೆಗಳಲ್ಲಿ ಒಂದನ್ನು ಆರಿಸಲೇಬೇಕು. ಆಗ ನ್ಯೂಫಾರ್ಮಿನ ಗುಣಾಂಕಗಳನ್ನು ಗಾಲ್ವಾ ಗುಂಪು ಅದಲುಬದಲು ಮಾಡಿದರೆ, ರೆಪ್ರೆಸೆಂಟೇಶನ್ ಅದೇ ರೀತಿ ಬದಲಾಗುವುದಿಲ್ಲ. ಅರ್ಧ ಘಾತ ಹಂಚಿದರೂ ರೂಟ್ ಪಿ ನುಸುಳುತ್ತದೆ. ಸೇಜ್‌ನ ಪದ್ಧತಿಯಲ್ಲಿ ಅದು ಎಲ್ಲೂ ಕಾಲಿಡುವುದಿಲ್ಲ. ಕಂಪ್ಯೂಟರಿಗೆ ನಿಖರ ಬೀಜಗಣಿತ ಮಾಡಿಸುವವರು ಇದನ್ನೇ ಅಲ್ವಾ ಆರಿಸುವುದು? ಟ್ವಿಸ್ಟ್ ಬೇರೆ ಬೇಕಾದರೆ ನಾವೇ ಕೊಡಬಹುದು, ಆದರೆ ಅದು ಸಮವೋ ಬೆಸವೋ ಅನ್ನುವುದು ವೆಯ್ಟಿಗೆ ಹೊಂದಬೇಕು.

49ಎ ಇನ್ನೊಂದು ಚಿಕ್ಕ ಪೆಟ್ಟು ಕೊಟ್ಟಿತು. ಈ ಕರ್ವಿಗೆ ಮೈನಸ್ 7ರ ವರ್ಗಮೂಲದ ಫೀಲ್ಡಿನಿಂದ ಕಾಂಪ್ಲೆಕ್ಸ್ ಮಲ್ಟಿಪ್ಲಿಕೇಶನ್ (ಹೆಚ್ಚುವರಿ ಸಮ್ಮಿತಿ) ಇದೆ. ಅಲ್ಲಿ 7 ಒಂದು ಅವಿಭಾಜ್ಯ ಐಡಿಯಲ್ಲಿನ ವರ್ಗ, ಅಂದರೆ ಆ ಫೀಲ್ಡ್ 7ರಲ್ಲಿ ರ‍್ಯಾಮಿಫೈಡ್. ಸೇಜ್ ಕೊಟ್ಟದ್ದು ಅನ್‌ರ‍್ಯಾಮಿಫೈಡ್ ವಿಸ್ತರಣೆಯ ಕ್ಯಾರೆಕ್ಟರ್. ಎರಡೂ ಸರಿ! ಇಲ್ಲಿ ಗಾಲ್ವಾ ಕಡೆಯ ಪ್ರೊಜೆಕ್ಟಿವ್ ಇಮೇಜ್ (ಸ್ಕೇಲರ್‌ಗಳನ್ನು ಬಿಟ್ಟು ನೋಡಿದ ಇಮೇಜ್) ನಾಲ್ಕೇ ಅಂಶಗಳ ಕ್ಲೈನ್ ಗುಂಪು. ಹಾಗಾಗಿ ಒಂದೇ ರೆಪ್ರೆಸೆಂಟೇಶನ್ 7-ಅಡಿಕ್ ಸಂಖ್ಯೆಗಳ ಮೂರೂ ಕ್ವಾಡ್ರಾಟಿಕ್ ವಿಸ್ತರಣೆಗಳಿಂದ ಇಂಡ್ಯೂಸ್ ಆಗುತ್ತದೆ.

ಫಾರ್ಮ್ ಟ್ವಿಸ್ಟ್-ಮಿನಿಮಲ್ (ಟ್ವಿಸ್ಟ್ ಮಾಡಿ ಲೆವೆಲ್ ಇಳಿಸಲು ಬಾರದ್ದು) ಹೌದೋ ಅಲ್ಲವೋ ಅಂತ ಮಾಡ್ಯುಲರ್ ಫಾರ್ಮ್‌ಗಳ ಆನ್‌ಲೈನ್ ಡೇಟಾಬೇಸ್ ಎಲ್‌ಎಮ್‌ಎಫ್‌ಡಿಬಿಯಲ್ಲಿ ಮೊದಲೇ ನೋಡಿಕೊಳ್ಳಿ, ಸಮಯ ಉಳಿಯುತ್ತದೆ.

ಪಿ 2 ಆದಾಗ ಸೇಜ್ ಕೆಲವು ಸಲ ಕ್ಯಾರೆಕ್ಟರ್ ಕೊಡದೆ ಎರರ್ ಎಸೆಯುತ್ತದೆ. ಇದನ್ನು ದೋಷ ಅನ್ನಬೇಡಿ. 24ಎ ನೋಡಿ, 2ರಲ್ಲಿ ಕಂಡಕ್ಟರ್ ಘಾತ 3. ಅನ್‌ರ‍್ಯಾಮಿಫೈಡ್ ವಿಸ್ತರಣೆಯಿಂದ ಬಂದಿದ್ದರೆ ಘಾತ ಸಮ ಆಗಬೇಕಿತ್ತು. ರ‍್ಯಾಮಿಫೈಡ್ ವಿಸ್ತರಣೆಯ ಡಿಸ್ಕ್ರಿಮಿನಂಟ್ ಘಾತ 2 ಅಥವಾ 3; ಅದಕ್ಕೆ ಕ್ಯಾರೆಕ್ಟರಿನ ಘಾತ ಕೂಡಿದರೆ ಒಟ್ಟು 3 ಆಗಬೇಕು. 2 ಆದರೆ ಘಾತ 1ರ ಕ್ಯಾರೆಕ್ಟರ್ ಬೇಕು, ರೆಸಿಡ್ಯೂ ಫೀಲ್ಡಿನಲ್ಲಿ ಎರಡೇ ಅಂಶ ಇರುವುದರಿಂದ ಅಂಥದ್ದು ಇಲ್ಲವೇ ಇಲ್ಲ. 3 ಆದರೆ ಕ್ಯಾರೆಕ್ಟರ್ ಅನ್‌ರ‍್ಯಾಮಿಫೈಡ್ ಆಗಬೇಕು, ಆಗ ಇಂಡ್ಯೂಸ್ ಮಾಡಿದ್ದು ಒಡೆದುಹೋಗುತ್ತದೆ. ಪ್ರಿನ್ಸಿಪಲ್ ಸೀರೀಸಿಗೂ ಸ್ಟೈನ್‌ಬರ್ಗಿನ ಟ್ವಿಸ್ಟಿಗೂ ಇಲ್ಲಿ ಘಾತ 3 ಬರುವುದಿಲ್ಲ. ಅಂದರೆ ಇದು ಯಾವ ಕ್ವಾಡ್ರಾಟಿಕ್ ವಿಸ್ತರಣೆಯಿಂದಲೂ ಬಂದದ್ದಲ್ಲ. ಕೊಡಲು ಕ್ಯಾರೆಕ್ಟರೇ ಇಲ್ಲದಿದ್ದಾಗ ಸೇಜ್ ಏನು ಕೊಡುತ್ತದೆ?

ದುಡ್ಡು ಕೊಡದೆ, ಪೈಥಾನ್ ಬರೆದುಕೊಂಡು, ಅನುಮಾನ ಬಂದಾಗ ಸೋರ್ಸ್ ಕೋಡ್ ತೆರೆದು ನೋಡುವ ಚಾಳಿಯವರಿಗೆ ಸೇಜ್. ಲೈಸೆನ್ಸ್ ಇರುವವರಿಗೆ, ಗಾಲ್ವಾ ಕಡೆ ಜಾಸ್ತಿ ಓಡಾಡುವವರಿಗೆ ಮ್ಯಾಗ್ಮಾ. ನಾನು ಮೊದಲ ಗುಂಪಿನವನು. ಈಗ ಪ್ರತಿ ಹೊಸ ಫೈಲಿನ ಮೊದಲ ಸಾಲಿನಲ್ಲಿ 11ಎ, 17 ಹಾಕಿ ಓಡಿಸುತ್ತೇನೆ. ಕೆ ಮೈನಸ್ 1ರ ಅರ್ಧ ಕಳೆದ ಮೇಲೆ ಗಾತ್ರ 1 ಬಂದರೆ ಮಾತ್ರ ಎರಡನೇ ಸಾಲು.